ಎದೆಯುರಿಗೆ ಬಾಯಿಯ ಮೂಲಕವೇ ರಿಪೇರಿ: ಯಾರಿಗೆ ಆದೀತು, ಯಾರಿಗೆ ಬೇಡ?

ಬೆಳಗ್ಗೆ ಆರೂವರೆಗೆ ಮದ್ರಸ ಶುರು. ಎಪ್ಪತ್ತರಷ್ಟು ಮಕ್ಕಳು. ಮೊದಲು ನಾವು ಓದಬೇಕು, ಹಿಂದಿನಿಂದ ಅವರು ಹೇಳಬೇಕು. ಕಳೆದ ವರ್ಷ ಶಅಬಾನ್ ತಿಂಗಳ ಒಂದು ಬೆಳಗ್ಗೆ ಗಂಟಲಿನ ಆಳದಿಂದ ಬರಬೇಕಾದ ‘ಐನ್’ ಅಕ್ಷರ ನಮಗೆ ಬರಲೇ ಇಲ್ಲ. ಕೆಮ್ಮಿದೆವು, ನೀರು ಕುಡಿದೆವು, ಮತ್ತೆ ಓದಿದೆವು. ಬಂದದ್ದು ಗಾಳಿ ಮಾತ್ರ. ಮುಂದಿನ ಸಾಲಿನ ಹುಡುಗನೊಬ್ಬ, “ಉಸ್ತಾದ್, ನಿಮ್ಮ ಸ್ವರ ಎಲ್ಲಿ ಹೋಯ್ತು?” ಎಂದು ಕೇಳಿಯೇ ಬಿಟ್ಟ. ಓದಿ ಹೊಟ್ಟೆ ಹೊರೆಯುವವನಿಗೆ ಇದು ನಗುವ ಪ್ರಶ್ನೆಯಲ್ಲ.

ನಮಗೆ ಎದೆಯುರಿ ಇರುವುದು ಇಂದು ನಿನ್ನೆಯಿಂದ ಅಲ್ಲ. ಏಳು ವರ್ಷ ಆಯಿತು. ‘ಗ್ಯಾಸ್ಟ್ರಿಕ್’ ಎಂದು ಮೆಡಿಕಲ್‌ನಿಂದ ಮಾತ್ರೆ ತರುವುದು, ನಾಲ್ಕು ದಿನ ನುಂಗುವುದು, ಕಡಿಮೆಯಾದರೆ ಬಿಡುವುದು, ಮದುವೆ ಊಟ ಆದ ರಾತ್ರಿ ಪುನಃ ಹುಡುಕುವುದು. ನಮ್ಮವರಲ್ಲಿ ಹತ್ತು ಮನೆಗೆ ಒಂದೆರಡು ಮನೆಯಲ್ಲಾದರೂ ಈ ಮಾತ್ರೆಯ ಸ್ಟ್ರಿಪ್ ಫ್ರಿಜ್ಜಿನ ಮೇಲೆ ಇದ್ದೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ನೈಚೋರು, ಕೋಳಿ ಸುಕ್ಕ, ಅದರ ಮೇಲೆ ಒಂದು ಸುಲೈಮಾನಿ, ಹನ್ನೊಂದೂವರೆಗೆ ಹಾಸಿಗೆ. ಮತ್ತೆ ಉರಿ ಬಾರದೆ ಏನಾದೀತು?

ಹಾಗಿರುವಾಗ ಗಲ್ಫಿನಿಂದ ರಜೆಯಲ್ಲಿ ಬಂದ ಪರಿಚಯದವರೊಬ್ಬರು, “ಉಸ್ತಾದ್, ಈಗ ಹೊಟ್ಟೆ ಕೊಯ್ಯುವುದೇ ಬೇಡ. ಬಾಯಿಯಿಂದಲೇ ಕ್ಯಾಮರಾ ಇಳಿಸಿ ಒಳಗಿನ ವಾಲ್ವನ್ನು ಹೊಲಿದು ಬಿಡ್ತಾರೆ. ಮರುದಿನ ಮನೆ” ಎಂದರು. ನಮಗೂ ಆಸೆ ಹುಟ್ಟಿತು. ಆ ಆಸೆಯ ಹಿಂದೆ ನಾವು ಓಡಾಡಿದ್ದು, ಕೇಳಿ ತಿಳಿದದ್ದು, ಎಡವಲು ಹೋಗಿ ತಪ್ಪಿಸಿಕೊಂಡದ್ದು ಇಲ್ಲಿದೆ. ನಾವು ವೈದ್ಯರಲ್ಲ, ಪಿಯುಸಿವರೆಗೆ ಓದಿದ ಮುಅಲ್ಲಿಂ. ಆದ್ದರಿಂದ ಇದನ್ನು ಓದಿ ಯಾರೂ ಮಾತ್ರೆ ಬಿಡುವುದಾಗಲಿ, ಹಿಡಿಯುವುದಾಗಲಿ ಮಾಡಬೇಡಿ.

ಮೊದಲು ಕಾಯಿಲೆ ಏನೆಂದು ನೋಡೋಣ. ಬಾಯಿಂದ ಜಠರಕ್ಕೆ ಹೋಗುವ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಅದರ ಕೆಳತುದಿಯಲ್ಲಿ ಉಂಗುರದಂಥ ಸ್ನಾಯು ಉಂಟು. ಅನ್ನ ಬಂದಾಗ ತೆರೆಯುತ್ತದೆ, ಇಳಿದ ಮೇಲೆ ಮುಚ್ಚುತ್ತದೆ. ಅದರ ಸುತ್ತ ವಪೆಯ ಸ್ನಾಯುವೂ ಬಿಗಿ ಹಿಡಿದಿರುತ್ತದೆ. ಎದೆ ಮತ್ತು ಹೊಟ್ಟೆಯನ್ನು ಬೇರೆ ಮಾಡುವ ಪರದೆಯೇ ಈ ವಪೆ. ಉಂಗುರ ಸಮಯವಲ್ಲದ ಸಮಯದಲ್ಲಿ ಸಡಿಲವಾದರೆ ಜಠರದ ಆಸಿಡ್ ಮೇಲಕ್ಕೆ ಬರುತ್ತದೆ. ಕೆಲವರಿಗೆ ವಪೆಯ ಕಿಂಡಿಯೇ ಅಗಲವಾಗಿ ಜಠರದ ಮೇಲ್ಭಾಗ ಎದೆಯೊಳಗೆ ಜಾರಿರುತ್ತದೆ. ಅದಕ್ಕೆ ಹಯಾಟಸ್ ಹರ್ನಿಯಾ ಎನ್ನುತ್ತಾರೆ. ಈ ಹೆಸರನ್ನು ನೆನಪಿಡಿ, ಇದೇ ಮುಂದೆ ನಮ್ಮ ಕತೆಯನ್ನು ತಿರುಗಿಸಿದ್ದು.

ಜಠರಕ್ಕೆ ಆಸಿಡ್ ತಡೆಯುವ ಒಳಪದರ ಉಂಟು, ಅನ್ನನಾಳಕ್ಕೆ ಇಲ್ಲ. ಆದ್ದರಿಂದ ಅದು ಸುಡುತ್ತದೆ. ವರ್ಷಗಟ್ಟಲೆ ಸುಟ್ಟರೆ ಹುಣ್ಣಾಗಬಹುದು, ನಾಳ ಕಿರಿದಾಗಬಹುದು. ಕೆಲವರಲ್ಲಿ ಒಳಪದರದ ಜಾತಿಯೇ ಬದಲಾಗಿ ‘ಬ್ಯಾರೆಟ್’ ಎಂಬ ಸ್ಥಿತಿ ಬರುತ್ತದೆ. ಅದು ಕ್ಯಾನ್ಸರ್‌ಗೆ ದಾರಿಯಾಗುವ ಸಾಧ್ಯತೆ ಸಣ್ಣದಾದರೂ ಇದೆ. ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ರಕ್ತ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನುಂಗಿ ಕೂರಬಾರದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿ ಮುಗಿಸುತ್ತೇವೆ. ಎದೆಯಲ್ಲಿ ಹಿಂಡಿದ ಹಾಗೆ ಆಗಿ, ಬೆವರಿ, ನೋವು ಕೈಗೋ ದವಡೆಗೋ ಹರಿದರೆ ಅದನ್ನು ‘ಗ್ಯಾಸ್’ ಎಂದು ಹೇಳಿ ಸೋಡಾ ಕುಡಿಸಬೇಡಿ. ಮೊದಲು ಇಸಿಜಿ ಮಾಡಿಸಿ. ಸೋಡಾ ಕುಡಿದು ಮಲಗಿ ಬೆಳಗ್ಗೆ ಏಳದವರ ಜನಾಝ ನಮಾಝ್‌ನಲ್ಲಿ ನಾವು ನಿಂತದ್ದುಂಟು.

ಮಾತ್ರೆಯ ವಿಷಯ. ಒಮೆಪ್ರಝೋಲ್ 1988ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಪ್ಯಾಂಟೊಪ್ರಝೋಲ್, ರಾಬೆಪ್ರಝೋಲ್, ಎಸೊಮೆಪ್ರಝೋಲ್ ಎಲ್ಲ ಅದೇ ಕುಟುಂಬದವು. ಇವು ಜಠರದಲ್ಲಿ ಆಸಿಡ್ ತಯಾರಿಸುವ ಪಂಪನ್ನೇ ನಿಲ್ಲಿಸುತ್ತವೆ. ಪಂಪು ಕೆಲಸ ಮಾಡುವುದು ಊಟದ ಹೊತ್ತಿಗೆ. ಆದ್ದರಿಂದ ಮಾತ್ರೆ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಒಳಗೆ ಇರಬೇಕು. ನಾವು ಏಳು ವರ್ಷ ಉರಿ ಬಂದ ಮೇಲೆ, ಅದೂ ಊಟ ಆಗಿ, ಮಲಗುವಾಗ ನುಂಗುತ್ತಿದ್ದೆವು! ಬೆಂಕಿ ಹತ್ತಿದ ಮೇಲೆ ಬಾವಿ ತೋಡಿದ ಹಾಗೆ.

ಈ ಮಾತ್ರೆಯಿಂದ ಕಿಡ್ನಿ ಹೋಗುತ್ತದೆ, ಮರೆವು ಬರುತ್ತದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಬಂದು ಹಲವರು ಹೆದರಿ ಬಿಟ್ಟಿದ್ದಾರೆ. 17,598 ಜನರಿಗೆ ಪ್ಯಾಂಟೊಪ್ರಝೋಲ್ ಅಥವಾ ಹುಸಿ ಮಾತ್ರೆ ಕೊಟ್ಟು ಸುಮಾರು ಮೂರು ವರ್ಷ ನೋಡಿದ ದೊಡ್ಡ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹೊಟ್ಟೆ-ಕರುಳಿನ ಸೋಂಕು ಸ್ವಲ್ಪ ಹೆಚ್ಚಾದದ್ದು ಬಿಟ್ಟರೆ ಬೇರೆ ಹಾನಿ ಅದರಲ್ಲಿ ಕಾಣಲಿಲ್ಲ. ಬಹಳ ವರ್ಷ ತಿನ್ನುವವರು ಬಿ12, ಮೆಗ್ನೀಸಿಯಂ ನೋಡಿಸಿಕೊಳ್ಳುವುದು ಒಳ್ಳೆಯದು. ಥಟ್ಟನೆ ಬಿಟ್ಟರೆ ಕೆಲವು ವಾರ ಆಸಿಡ್ ಮೊದಲಿಗಿಂತ ಹೆಚ್ಚು ಉಕ್ಕುತ್ತದೆ, ಅದನ್ನೇ ‘ಕಾಯಿಲೆ ಜೋರಾಯಿತು’ ಎಂದು ತಿಳಿಯುವವರಿದ್ದಾರೆ. ಆದರೆ ಒಂದು ಮಾತು ನಿಜ: ಮಾತ್ರೆ ಆಸಿಡ್ ಕಡಿಮೆ ಮಾಡುತ್ತದೆ, ಸಡಿಲವಾದ ಉಂಗುರವನ್ನು ಬಿಗಿ ಮಾಡುವುದಿಲ್ಲ. ಬಗ್ಗಿದರೆ ಉಂಡದ್ದು ಬಾಯಿಗೆ ಬರುವುದು ಮಾತ್ರೆಯಿಂದ ಪೂರ್ತಿ ನಿಲ್ಲುವುದಿಲ್ಲ. ಸುಜೂದ್‌ಗೆ ಹೋಗುವಾಗ ನಮಗೆ ಆಗುತ್ತಿದ್ದದ್ದು ಇದೇ. ರಮಝಾನ್‌ನಲ್ಲಿ ಇಫ್ತಾರ್‌ನ ಸಮೋಸ ಹೊಟ್ಟೆಯಲ್ಲಿಟ್ಟುಕೊಂಡು ಇಪ್ಪತ್ತು ರಕಅತ್ ತರಾವೀಹ್ ನಿಲ್ಲಿಸುವವನ ಸ್ಥಿತಿಯನ್ನು ನೀವೇ ಊಹಿಸಿ.

ಪರಿಚಯದವರ ಮಾತು ಕೇಳಿ ನಾವು ಮೊದಲು ಹೋದದ್ದು ಒಂದು ದೊಡ್ಡ ಆಸ್ಪತ್ರೆಗೆ. ಹೆಸರು ಬೇಡ. ಎಂಡೋಸ್ಕೋಪಿ ಮಾಡಿದರು. ವರದಿಯಲ್ಲಿ ‘ಉಂಗುರ ಸಡಿಲ, ಗ್ರೇಡ್ ಎ’ ಎಂದಿತ್ತು. ಅದೇ ದಿನ ಸಂಜೆ ಕೌಂಟರಿನಲ್ಲಿದ್ದ ಯುವಕ ಪ್ಯಾಕೇಜಿನ ಕಾಗದ ಮುಂದಿಟ್ಟ. ಮೊತ್ತ ನಮ್ಮ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. “ಉಸ್ತಾದರಿಗೆ ಎಂದು ಸ್ವಲ್ಪ ಕಡಿಮೆ ಮಾಡಿಸ್ತೇನೆ, ಈ ವಾರವೇ ಬುಕ್ ಮಾಡಿ” ಎಂದ. ಮನೆಗೆ ಬಂದು ಹೇಳಿದಾಗ ಮನೆಯವರು ಒಂದು ಮಾತೂ ಆಡದೆ ಕಪಾಟಿನಿಂದ ಎರಡು ಬಳೆ ತಂದು ಮೇಜಿನ ಮೇಲೆ ಇಟ್ಟರು. ಆ ರಾತ್ರಿ ನಮಗೆ ನಿದ್ದೆ ಬಾರದ್ದು ಉರಿಯಿಂದಲ್ಲ.

ಬಳೆ ಅಡವಿಡುವ ಮೊದಲು ಇನ್ನೊಬ್ಬರನ್ನು ಕೇಳಿ ನೋಡಿ ಎಂದವರು ನಮ್ಮ ಉಮ್ಮ. ಅಕ್ಷರ ತಿಳಿಯದ ಉಮ್ಮ. ಹಾಗೆ ಹೊಟ್ಟೆ-ಕರುಳಿನ ಇನ್ನೊಬ್ಬ ತಜ್ಞರ ಬಳಿ ಹೋದೆವು. ಅವರು ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ: “ಆಸಿಡ್ ಟೆಸ್ಟ್ ಎಲ್ಲಿ?”

ಅವರು ವಿವರಿಸಿದ್ದು ಹೀಗೆ. ಅನ್ನನಾಳದ ಗಾಯವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಮಾಡುತ್ತಾರೆ. ‘ಎ’ ಅತಿ ಸಣ್ಣದು, ಏನೂ ತೊಂದರೆ ಇಲ್ಲದವರಲ್ಲೂ ಕಾಣಬಹುದು. ಅದೊಂದನ್ನೇ ಹಿಡಿದು ಹೊಲಿಗೆ ಹಾಕಬಾರದು. ನಿಜವಾಗಿ ಆಸಿಡ್ ಬರುತ್ತಿದೆಯೇ ಎಂದು ಅಳೆಯಬೇಕು. ಅಳತೆಗೆ ಏಳು ದಿನ ಮೊದಲು ಮಾತ್ರೆ ಬಿಡಬೇಕು. ಮೂಗಿನಿಂದ ಸಪೂರ ತಂತಿ ಇಳಿಸಿ, ಸೊಂಟಕ್ಕೆ ಸಣ್ಣ ಯಂತ್ರ ಕಟ್ಟಿ 24 ಗಂಟೆ ಮನೆಗೆ ಕಳುಹಿಸುತ್ತಾರೆ. ಒಟ್ಟು ಸಮಯದಲ್ಲಿ ಶೇಕಡಾ 4ಕ್ಕಿಂತ ಕಡಿಮೆ ಹೊತ್ತು ಆಸಿಡ್ ಇದ್ದರೆ ಸಹಜ, 6ಕ್ಕಿಂತ ಹೆಚ್ಚಾದರೆ ಕಾಯಿಲೆ ಖಚಿತ. ನಾವು ಮೂಗಿಗೆ ಟೇಪ್ ಅಂಟಿಸಿಕೊಂಡೇ ಮದ್ರಸಕ್ಕೆ ಹೋದೆವು. ಉರಿ ಬಂದಾಗ ಒಂದು ಗುಂಡಿ, ಉಣ್ಣುವಾಗ ಒಂದು ಗುಂಡಿ ಒತ್ತಬೇಕು. ಮಕ್ಕಳಿಗೆ ಅವತ್ತು ಪಾಠಕ್ಕಿಂತ ಆ ಗುಂಡಿಯಲ್ಲೇ ಆಸಕ್ತಿ.

ಮತ್ತೊಂದು ಪರೀಕ್ಷೆ ಮ್ಯಾನೊಮೆಟ್ರಿ. ಅದೂ ಮೂಗಿನಿಂದಲೇ. ಹತ್ತು ಗುಟುಕು ನೀರು ನುಂಗಿಸಿ ಅನ್ನನಾಳ ಎಷ್ಟು ಬಲವಾಗಿ ತಳ್ಳುತ್ತದೆ ಎಂದು ನೋಡುತ್ತಾರೆ. ಇದು ಯಾಕೆ ಮುಖ್ಯ? ಅಕಲೇಶಿಯಾ ಎಂಬ ಕಾಯಿಲೆ ಉಂಟು. ಅದರಲ್ಲಿ ಉಂಗುರ ತೆರೆಯುವುದೇ ಇಲ್ಲ, ಉಂಡದ್ದು ನಾಳದಲ್ಲೇ ನಿಂತು ಹುಳಿತು ಮೇಲೆ ಬರುತ್ತದೆ. ರೋಗಿ ‘ಎದೆಯುರಿ’ ಎನ್ನುತ್ತಾನೆ, ಮೆಡಿಕಲ್‌ನವರು ಗ್ಯಾಸ್ಟ್ರಿಕ್ ಮಾತ್ರೆ ಕೊಡುತ್ತಾರೆ. ಅಂಥವನ ಉಂಗುರವನ್ನು ಇನ್ನೂ ಬಿಗಿ ಮಾಡಿದರೆ ನೀರೂ ಇಳಿಯದು. ಜಪಾನಿನ ಡಾ. ಹರುಹಿರೊ ಇನೊಯೆ 2008ರಲ್ಲಿ ಎಂಡೋಸ್ಕೋಪಿಯಿಂದಲೇ ಆ ಉಂಗುರವನ್ನು ಕತ್ತರಿಸಿ ಸಡಿಲ ಮಾಡುವ ‘ಪೊಯೆಮ್’ ಎಂಬ ವಿಧಾನವನ್ನು ರೋಗಿಗಳಲ್ಲಿ ಶುರು ಮಾಡಿದರು. ಒಂದೇ ತೊಂದರೆಯಂತೆ ಕಾಣುವ ಎರಡಕ್ಕೆ ಚಿಕಿತ್ಸೆ ಪೂರ್ವ-ಪಶ್ಚಿಮ.

ಇನ್ನು ಬಾಯಿಯ ಮೂಲಕ ಮಾಡುವ ಚಿಕಿತ್ಸೆಗಳಿಗೆ ಬರೋಣ. ಹೊಟ್ಟೆಯೊಳಗೆ ಇಣುಕುವ ಹುಚ್ಚು ಮನುಷ್ಯನಿಗೆ ಹಳೆಯದು. 1868ರಲ್ಲಿ ಜರ್ಮನಿಯ ಡಾ. ಕುಸ್ಮೌಲ್ ನೆಟ್ಟಗಿನ ಕೊಳವೆಯನ್ನು ಇಳಿಸಲು ಕತ್ತಿ ನುಂಗುವ ಜಾದೂಗಾರನನ್ನೇ ಕರೆಸಿದ್ದರು. ಬಳುಕುವ ಗಾಜಿನ ಎಳೆಗಳ ಎಂಡೋಸ್ಕೋಪ್ ಮಾಡಿದ ಡಾ. ಬೇಸಿಲ್ ಹಿರ್ಶೋವಿಟ್ಸ್ 1957ರಲ್ಲಿ ಅದನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ನೋಡುವ ಯಂತ್ರ ಹೊಲಿಯುವ ಯಂತ್ರವಾಗಲು ಮತ್ತೆ ನಲ್ವತ್ತು ವರ್ಷಗಳಷ್ಟು ಬೇಕಾಯಿತು.

ಅಮೆರಿಕದಲ್ಲಿ 2000ರಲ್ಲಿ ಎರಡು ಉಪಕರಣಗಳಿಗೆ ಅನುಮತಿ ಸಿಕ್ಕಿತು. ಒಂದು ಎಂಡೋಸಿಂಚ್, ಸಣ್ಣ ಹೊಲಿಗೆ ಯಂತ್ರದಂಥದ್ದು. ಹೊಲಿಗೆಗಳು ಬೇಗನೆ ಬಿಟ್ಟುಹೋಗುತ್ತಿದ್ದವು, ಈಗ ಅದು ಬಳಕೆಯಲ್ಲಿಲ್ಲ. ಇನ್ನೊಂದು ಸ್ಟ್ರೆಟ್ಟಾ. ಬಲೂನಿನ ಸುತ್ತ ನಾಲ್ಕು ಸೂಜಿಗಳಿರುವ ಕೊಳವೆ ಇಳಿಸಿ, ರೇಡಿಯೊ ತರಂಗದಿಂದ ಉಂಗುರದ ಸ್ನಾಯುವಿಗೆ ಮೆಲ್ಲನೆ ಬಿಸಿ ಕೊಡುವುದು. ಇದು ಈಗಲೂ ಉಂಟು. ಆದರೆ ಹುಸಿ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಫಲಿತಾಂಶ ಒಂದೇ ರೀತಿ ಬಂದಿಲ್ಲ. ಅಮೆರಿಕದ ಜಠರ ತಜ್ಞರ ಕಾಲೇಜು 2022ರ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡುವುದಿಲ್ಲ ಎಂದೇ ಹೇಳಿದೆ.

2003ರಲ್ಲಿ ಬಂದ ಎಂಟೆರಿಕ್ಸ್‌ನ ಕತೆ ಕೇಳಬೇಕು. ದ್ರವವೊಂದನ್ನು ಉಂಗುರದ ಸ್ನಾಯುವಿಗೆ ಚುಚ್ಚುತ್ತಿದ್ದರು, ಅದು ಒಳಗೆ ರಬ್ಬರಿನ ಹಾಗೆ ಗಟ್ಟಿಯಾಗುತ್ತಿತ್ತು. ಕೆಲವರಲ್ಲಿ ಸೂಜಿ ಗೋಡೆ ದಾಟಿ ದ್ರವ ಹೊರಗೆ ಹೋಯಿತು, ಸಾವೂ ಸಂಭವಿಸಿತು. 2005ರಲ್ಲಿ ಕಂಪೆನಿಯೇ ಹಿಂದೆಗೆದುಕೊಂಡಿತು. ‘ಕೊಯ್ಯುವುದಿಲ್ಲ’ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯುವವರು ಇದನ್ನು ನೆನೆಯಬೇಕು.

ಈಗ ಹೆಚ್ಚು ಕೇಳಿ ಬರುವುದು ‘ಟಿಫ್’. ಇದರ ಉಪಕರಣಕ್ಕೆ ಅಮೆರಿಕದಲ್ಲಿ 2007ರಲ್ಲಿ ಅನುಮತಿ ಸಿಕ್ಕಿತು. ಪೂರ್ತಿ ಅರಿವಳಿಕೆ ಕೊಟ್ಟು, ಎಂಡೋಸ್ಕೋಪಿನ ಮೇಲೆ ಉಪಕರಣವನ್ನು ಕೂರಿಸಿ ಬಾಯಿಯಿಂದ ಇಳಿಸುತ್ತಾರೆ. ಜಠರದ ಮೇಲ್ಭಾಗವನ್ನು ಎಳೆದು ಅನ್ನನಾಳದ ಬುಡಕ್ಕೆ ಶಾಲು ಹೊದೆಸಿದ ಹಾಗೆ ಮುಕ್ಕಾಲು ಸುತ್ತು ಸುತ್ತಿ, ಪಾಲಿಪ್ರೊಪಿಲೀನ್‌ನ ಸಣ್ಣ ಸಣ್ಣ ಗುಂಡಿಗಳಿಂದ ಹಿಡಿಸುತ್ತಾರೆ. ಎರಡು-ಮೂರು ಸೆಂಟಿಮೀಟರ್ ಉದ್ದದ ಹೊಸ ಕವಾಟ ಆಗುತ್ತದೆ. ಹೊರಗೆ ಗಾಯವಿಲ್ಲ. ಮರುದಿನ ಮನೆಗೆ ಬರಬಹುದೆಂಬುದೂ ನಿಜ, ಆದರೆ ಕೆಲವು ವಾರ ಗಂಜಿ, ಮೆತ್ತಗಿನ ಆಹಾರವೇ ಗತಿ. ಭಾರ ಎತ್ತುವ ಹಾಗಿಲ್ಲ.

ಫಲ? ಮಾತ್ರೆ ತಿಂದರೂ ಉಂಡದ್ದು ಮೇಲೆ ಬರುತ್ತಿದ್ದವರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಟಿಫ್ ಆದವರಲ್ಲಿ ಶೇಕಡಾ 67 ಜನರಿಗೆ ಆ ತೊಂದರೆ ನಿಂತಿತು. ಹುಸಿ ಚಿಕಿತ್ಸೆಯ ಜೊತೆ ಮಾತ್ರೆ ತಿಂದವರಲ್ಲಿ 45. ವ್ಯತ್ಯಾಸ ಇದೆ, ಪವಾಡ ಇಲ್ಲ. ಏನೂ ಮಾಡದೆ ನಿದ್ದೆ ಮಾಡಿಸಿ ಎಬ್ಬಿಸಿದ ಗುಂಪಿನಲ್ಲೂ ಅಷ್ಟು ಜನರಿಗೆ ಸಮಾಧಾನ ಆಗಿದೆ ಎನ್ನುವುದನ್ನು ಗಮನಿಸಿ. ವರ್ಷ ಹೋದಂತೆ ಹೊಸ ಕವಾಟವೂ ಸಡಿಲವಾಗಿ ಮಾತ್ರೆಗೆ ಮರಳುವವರು ಇದ್ದಾರೆ. ಯಾರಿಗೆ ಇದನ್ನು ಯೋಚಿಸಬಹುದು ಎಂಬುದಕ್ಕೆ ಅದೇ 2022ರ ಮಾರ್ಗಸೂಚಿ ಗೆರೆ ಎಳೆದಿದೆ: ಹರ್ನಿಯಾ 2 ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಗಾಯ ಸಿ ಅಥವಾ ಡಿ ದರ್ಜೆಯದ್ದಾಗಿರಬಾರದು.

ನಮ್ಮ ದೇಶದ ಅನುಭವವೂ ಉಂಟು. ಹೈದರಾಬಾದಿನ ಎಐಜಿ ಆಸ್ಪತ್ರೆಯ ವೈದ್ಯರು ಜಠರದ ಗೋಡೆಯನ್ನು ಪೂರ್ತಿ ದಪ್ಪಕ್ಕೆ ಮಡಚಿ ಹೊಲಿಯುವ ‘ಗರ್ಡ್-ಎಕ್ಸ್’ ಉಪಕರಣವನ್ನು 70 ರೋಗಿಗಳಲ್ಲಿ ಪರೀಕ್ಷಿಸಿದರು. ಅರ್ಧ ಜನರಿಗೆ ನಿಜ ಹೊಲಿಗೆ, ಅರ್ಧ ಜನರಿಗೆ ಹುಸಿ. ಯಾರಿಗೆ ಯಾವುದೆಂದು ರೋಗಿಗೆ ಗೊತ್ತಿರಲಿಲ್ಲ. ನಿಜ ಹೊಲಿಗೆಯವರಲ್ಲಿ ಸ್ಪಷ್ಟ ಸುಧಾರಣೆ ಕಂಡಿತು. ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಮಂಗಳೂರಿನಿಂದ ಹೈದರಾಬಾದಿಗೆ ಹೋಗುವವರು ಹೀಗೆ ಹೋಗುವುದು ಸುಮ್ಮನೆ ಅಲ್ಲ.

ಮತ್ತೊಂದು ಆಮ್ಸ್. ಇದೂ ಇನೊಯೆ ಅವರದೇ. ಅನ್ನನಾಳ ಜಠರ ಸೇರುವಲ್ಲಿ ಒಳಪದರವನ್ನು ಅರ್ಧಚಂದ್ರದ ಹಾಗೆ ಸುಲಿದು ತೆಗೆಯುತ್ತಾರೆ. ಗಾಯ ಮಾಯುವಾಗ ಚರ್ಮ ಸುಕ್ಕುಗಟ್ಟಿ ದಾರಿ ಕಿರಿದಾಗುತ್ತದೆ. ಒಳಗೆ ಏನನ್ನೂ ಬಿಟ್ಟು ಬರುವುದಿಲ್ಲ, ದುಬಾರಿ ಉಪಕರಣ ಬೇಡ ಎನ್ನುವುದು ಇದರ ಗುಣ. ಸುಲಿಯುವ ಬದಲು ಸುಡುವ ವಿಧಾನವೂ ಬಂದಿದೆ. ದಾರಿ ಬೇಕಾದ್ದಕ್ಕಿಂತ ಹೆಚ್ಚು ಕಿರಿದಾದರೆ ಬಲೂನು ಹಾಕಿ ಹಿಗ್ಗಿಸಬೇಕಾಗುತ್ತದೆ.

ಇವೆಲ್ಲದರ ಹಿರಿಯಣ್ಣ ಫಂಡೊಪ್ಲಿಕೇಶನ್ ಶಸ್ತ್ರಚಿಕಿತ್ಸೆ. ರುಡಾಲ್ಫ್ ನಿಸ್ಸೆನ್ 1950ರ ದಶಕದಲ್ಲಿ ತೋರಿಸಿಕೊಟ್ಟದ್ದು, 1991ರಿಂದ ಲ್ಯಾಪ್ರೋಸ್ಕೋಪಿಯಲ್ಲಿ ನಡೆಯುತ್ತಿದೆ. ಜಾರಿದ ಜಠರವನ್ನು ಕೆಳಗೆಳೆದು, ವಪೆಯ ಕಿಂಡಿ ಹೊಲಿದು, ಆಮೇಲೆ ಸುತ್ತು ಹಾಕುತ್ತಾರೆ. ಕಿಂಡಿ ಹೊಲಿಯುವ ಕೆಲಸ ಬಾಯಿಯಿಂದ ಇಳಿಸಿದ ಉಪಕರಣದಿಂದ ಆಗುವುದಿಲ್ಲ. ಇದಕ್ಕೂ ಬೆಲೆ ತೆರಬೇಕು: ತೇಗು ಬಾರದೆ ಹೊಟ್ಟೆ ಉಬ್ಬುವುದು, ಕೆಲಕಾಲ ನುಂಗಲು ಕಷ್ಟ.

ಈಗ ನಮ್ಮ ಫಲಿತಾಂಶ. ಆಸಿಡ್ ಹೊತ್ತು ಶೇಕಡಾ 9 ದಾಟಿತ್ತು. ಅಂದರೆ ಕಾಯಿಲೆ ಹೌದು. ಅನ್ನನಾಳದ ಬಲ ಚೆನ್ನಾಗಿತ್ತು, ಅಲ್‌ಹಮ್ದುಲಿಲ್ಲಾಹ್. ಪುನಃ ಎಂಡೋಸ್ಕೋಪಿ ಮಾಡಿ ಅಳತೆ ಹಿಡಿದು ನೋಡಿದಾಗ ಹರ್ನಿಯಾ 3 ಸೆಂಟಿಮೀಟರ್! ಮೊದಲಿನ ವರದಿಯಲ್ಲಿ ಹರ್ನಿಯಾ ಎಂಬ ಪದವೇ ಇರಲಿಲ್ಲ. “ಆ ಪ್ಯಾಕೇಜ್ ಮಾಡಿಸಿದ್ದರೆ?” ಎಂದು ಕೇಳಿದೆವು. “ಕಿಂಡಿ ಅಗಲ ಇರುವಾಗ ಬರೀ ಕವಾಟ ಹೊಲಿದರೆ ಅದು ಪುನಃ ಮೇಲಕ್ಕೆ ಜಾರುವುದೇ ಹೆಚ್ಚು” ಎಂದರು ವೈದ್ಯರು. ನಮ್ಮ ಮುಂದೆ ಇರುವುದು ಎರಡೇ ದಾರಿ: ಸರಿಯಾದ ಹೊತ್ತಿಗೆ ಮಾತ್ರೆ, ಅಥವಾ ಲ್ಯಾಪ್ರೋಸ್ಕೋಪಿ. ಆರು ತಿಂಗಳು ಮೊದಲನೆಯದನ್ನು ನೆಟ್ಟಗೆ ಮಾಡಿ ನೋಡೋಣ ಎಂದಾಯಿತು.

ಸ್ವರದ ವಿಷಯದಲ್ಲಿ ಅವರು ನಮ್ಮನ್ನು ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಕಳುಹಿಸಿದರು. ಅಲ್ಲಿ ಗೊತ್ತಾದದ್ದು ಧ್ವನಿತಂತಿಯಲ್ಲಿ ಸಣ್ಣ ಗಂಟು. ಕಾರಣ ಆಸಿಡ್ ಒಂದೇ ಅಲ್ಲ, ಎಪ್ಪತ್ತು ಮಕ್ಕಳ ಮೇಲೆ ಇಪ್ಪತ್ತು ವರ್ಷ ಕಿರುಚಿದ್ದೂ ಹೌದು. ಹೊಟ್ಟೆಗೆ ಹೊಲಿಗೆ ಹಾಕಿದ್ದರೂ ‘ಐನ್’ ಬರುತ್ತಿರಲಿಲ್ಲವೋ ಏನೋ. ಈಗ ಕಮಿಟಿಯವರು ಸಣ್ಣ ಮೈಕ್ ತಂದುಕೊಟ್ಟಿದ್ದಾರೆ.

ನಮ್ಮಲ್ಲಿ ಹಲವರು ಕೇಳುವ ಪ್ರಶ್ನೆ: ಉಪವಾಸದಲ್ಲಿ ಎಂಡೋಸ್ಕೋಪಿ ಆಗಬಹುದೇ? ಜಿದ್ದಾದ ಫಿಕ್ಹ್ ಅಕಾಡೆಮಿ 1997ರಲ್ಲಿ, ದ್ರವ ಇತ್ಯಾದಿ ಹಾಕದೆ ಬರೀ ಎಂಡೋಸ್ಕೋಪ್ ಇಳಿಸಿದರೆ ಉಪವಾಸ ಮುರಿಯದು ಎಂದಿದೆ. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನ ಪ್ರಕಾರ ತೆರೆದ ದ್ವಾರದಿಂದ ಯಾವ ವಸ್ತು ಒಳಗೆ ಹೋದರೂ ಮುರಿಯುತ್ತದೆ. ತುರ್ತಿಲ್ಲದಿದ್ದರೆ ರಮಝಾನ್ ಕಳೆದ ಮೇಲೆ ಮಾಡಿಸಿ. ತುರ್ತಿದ್ದರೆ ರೋಗಿಗೆ ರಿಯಾಯಿತಿ ಉಂಟು, ಆಮೇಲೆ ಖಝಾ ವೀಟಿದರಾಯಿತು. ಹುಳಿ ನೀರು ತಾನಾಗಿ ಗಂಟಲಿಗೆ ಬಂದು ತಾನಾಗಿ ಇಳಿದರೆ ಉಪವಾಸ ಮುರಿಯುವುದಿಲ್ಲ. ಬಾಯಿಗೆ ಬಂದದ್ದನ್ನು ಉಗುಳಲು ಆಗುವಾಗ ಬೇಕೆಂದೇ ನುಂಗಬಾರದು. ಸಂಶಯ ಇದ್ದವರು ಮೊಹಲ್ಲಾದ ಖತೀಬರನ್ನು ಕೇಳಿಕೊಳ್ಳಿ. ಸಹರಿ ಉಂಡು ಸುಬ್‌ಹಿ ಆದ ಕೂಡಲೇ ಮಲಗುವ ಅಭ್ಯಾಸವನ್ನಂತೂ ಈ ಕಾಯಿಲೆಯವರು ಬಿಡಲೇಬೇಕು.

ಚಿಕಿತ್ಸೆಗೆ ಹೊರಟವರು ಕೇಳಬೇಕಾದದ್ದು ಹೆಚ್ಚೇನಿಲ್ಲ. 24 ಗಂಟೆಯ ಆಸಿಡ್ ಅಳತೆ ಮತ್ತು ಮ್ಯಾನೊಮೆಟ್ರಿ ಆಗಿದೆಯೇ, ಹರ್ನಿಯಾ ಎಷ್ಟು ಸೆಂಟಿಮೀಟರ್, ಈ ವೈದ್ಯರು ಇಂಥದ್ದನ್ನು ಎಷ್ಟು ಮಾಡಿದ್ದಾರೆ, ಫಲ ಕೊಡದಿದ್ದರೆ ಮುಂದೇನು. ಆರೋಗ್ಯ ಕಾರ್ಡ್ ಅಥವಾ ವಿಮೆ ನಡೆಯುತ್ತದೆಯೇ ಎಂಬುದನ್ನು ಬಾಯಿಮಾತಲ್ಲಿ ಅಲ್ಲ, ಬರೆದು ಕೊಡಲು ಹೇಳಿ. ಗಲ್ಫಿನವರು ರಜೆ ಮುಗಿಯುವ ವಾರದಲ್ಲಿ ಮಾಡಿಸಿಕೊಂಡು ವಿಮಾನ ಹತ್ತುವ ಆಲೋಚನೆ ಬಿಡಿ. ಮೆತ್ತಗಿನ ಊಟದ ವಾರಗಳನ್ನು ಮನೆಯಲ್ಲೇ ಕಳೆಯಬೇಕು, ಅಲ್ಲಿಯ ರೂಮಿನಲ್ಲಿ ಗಂಜಿ ಮಾಡಿ ಕೊಡುವವರು ಯಾರು?

ನಮ್ಮ ಮನೆಯಲ್ಲಿ ಈಗ ರಾತ್ರಿ ಊಟ ಎಂಟಕ್ಕೆ ಮುಗಿಯುತ್ತದೆ. ಮಂಚದ ತಲೆಯ ಕಡೆಯ ಎರಡು ಕಾಲಿಗೆ ಅರ್ಧ ಅಡಿಯ ಮರದ ತುಂಡು ಇಟ್ಟಿದ್ದೇವೆ. ಬರೀ ದಿಂಬು ಎತ್ತರಿಸಿದರೆ ಹೊಟ್ಟೆ ಮಡಚಿ ಇನ್ನೂ ಕೆಡುತ್ತದಂತೆ. ಎಡಬದಿಗೆ ಮಲಗಿದರೆ ಆಸಿಡ್ ಕಡಿಮೆ ಬರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಬಲಬದಿಗೆ ಮಲಗುವುದು ಸುನ್ನತ್. ಬಲಕ್ಕೆ ಮಲಗಿ ದಿಕ್ರ್ ಮುಗಿಸಿ, ಆಮೇಲೆ ಎಡಕ್ಕೆ ಹೊರಳುತ್ತೇವೆ. ಬೆಳಗ್ಗಿನ ಮಾತ್ರೆಯನ್ನು ಸುಬ್‌ಹಿಗೆ ಎದ್ದ ಕೂಡಲೇ ನುಂಗಿದರೆ ಚಾ-ರೊಟ್ಟಿಗೆ ಮೊದಲು ಬೇಕಾದಷ್ಟು ಸಮಯ ಸಿಗುತ್ತದೆ. ನಾಲ್ಕು ತಿಂಗಳಾಯಿತು. ಉರಿ ಮುಕ್ಕಾಲು ಪಾಲು ಹೋಗಿದೆ, ಸುಜೂದ್‌ನಲ್ಲಿ ಹುಳಿ ನೀರು ಬರುವುದು ಪೂರ್ತಿ ನಿಂತಿಲ್ಲ. ಇನ್ನೆರಡು ತಿಂಗಳು ಕಳೆದು ವೈದ್ಯರನ್ನು ಕಾಣಬೇಕು, ಲ್ಯಾಪ್ರೋಸ್ಕೋಪಿ ಬೇಕೋ ಬೇಡವೋ ಅಂದು ತೀರ್ಮಾನ. ಬಳೆ ಸದ್ಯಕ್ಕೆ ಕಪಾಟಿನಲ್ಲೇ ಉಂಟು.